ವಿಭೂತಿಯ ಹಂಬಲ

ವಿಭೂತಿ ಗಟ್ಟಿಯನ್ನು ಮೊದಲ ಸಲ ಹಲ್ಲಿನಿಂದ ಕಚ್ಚಿದ್ದು ಯಾವ ದಿನ ಎಂದು ಕೇಳಿದರೆ ಹೇಳಲಾರೆ. ಶ್ರಾವಣದ ಹೊತ್ತಿಗೆ ಇರಬೇಕು. ಪೂಜೆಯಾದ ಮೇಲೆ ಹಣೆಗೆ ಹಚ್ಚಿಕೊಂಡು ಉಳಿದ ಚಿಟಿಕೆಯನ್ನು ನಾಲಿಗೆಗೆ ಇಟ್ಟುಕೊಳ್ಳುವುದು ನಮ್ಮ ಮನೆಗಳಲ್ಲಿ ಹೊಸದಲ್ಲ. ಹೊಟ್ಟೆನೋವು ಎಂದ ಮಗುವಿಗೂ ಇಡುತ್ತಾರೆ, ಪರೀಕ್ಷೆಗೆ ಹೊರಟ ಮಗಳಿಗೂ ಇಡುತ್ತಾರೆ. ನಾನೂ ಹಾಗೆಯೇ ಇಟ್ಟುಕೊಂಡೆ. ಮರುದಿನ ಎರಡು ಚಿಟಿಕೆ. ವಾರ ಕಳೆಯುವುದರೊಳಗೆ ಗಟ್ಟಿಯ ಮೂಲೆಯೇ ಬಾಯಿಗೆ ಬಂತು. ಹಲ್ಲಿನ ನಡುವೆ ಅದು ಪುಡಿಯಾಗುವ ಸಪ್ಪಳ, ಆ ಒಣ ವಾಸನೆ, ನಾಲಿಗೆಗೆ ಅಂಟಿಕೊಂಡು ಬಾಯಿಯ ನೀರನ್ನೆಲ್ಲ ಹೀರುವ ಪರಿ, ಇವಿಲ್ಲದೆ ಬೆಳಗಾಗುತ್ತಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ಬಾಯಲ್ಲಿ ನೀರೂರುತ್ತದೇನೋ ಎಂದು ನೋಡಿಕೊಂಡೆ. ಇಲ್ಲ.

ಗೋಪನಕೊಪ್ಪದಲ್ಲಿ ನಮ್ಮದು ನಾಲ್ಕು ಜನರ ಮನೆ: ನಾನು, ಮನೆಯವರು, ಅತ್ತೆ, ಹದಿನಾರರ ಮಗಳು. ಮನೆಯವರು ಟ್ರ್ಯಾಕ್ಟರಿನ ಬಿಡಿಭಾಗ ಮಾರುತ್ತ ವಾರಕ್ಕೆ ನಾಲ್ಕು ದಿನ ಊರೂರು ತಿರುಗುವವರು, ಹಾಗಾಗಿ ಈ ಸಂಗತಿಯಲ್ಲಿ ಅವರ ಪಾಲು ಕಡಿಮೆ. ನಾನು ತಾರಿಹಾಳದ ಒಂದು ವಾಲ್ವ್ ಕಾರ್ಖಾನೆಯ ಸ್ಟೋರಿನಲ್ಲಿದ್ದೇನೆ. ಬೋಲ್ಟು, ಸೀಲು, ಗ್ಯಾಸ್ಕೆಟ್ಟು, ಯಾವುದು ಸಾಕಷ್ಟಿದೆ, ಯಾವುದು ತೀರುತ್ತ ಬಂತು ಎಂದು ನೋಡಿಕೊಳ್ಳುವುದು ನನ್ನ ಕೆಲಸ. ದಿನವಿಡೀ ರ‍್ಯಾಕುಗಳ ನಡುವೆ ಓಡಾಟ. ಅದಕ್ಕೇ ಆ ಕೆಲಸ ನನಗೆ ಹಿಡಿಸಿದೆ. ಒಂದು ಕಡೆ ಕೂಡು ಎಂದರೆ ನನಗೆ ಮೈಮೇಲೆ ಬರುತ್ತದೆ.

ಅತ್ತೆ ಇದಕ್ಕೆ ಪೂರ್ತಿ ಉಲ್ಟಾ. ಬೆಳಿಗ್ಗೆ ಜಳಕ ಮುಗಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕುಳಿತರೆ ಮುಕ್ಕಾಲು ತಾಸು ಅಲುಗಾಡುವುದಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಪಕ್ಕದಲ್ಲಿ ಮಣೆ ಹಾಕಿ ನನ್ನನ್ನೂ ಕರೆದರು. ಐದು ನಿಮಿಷ ಕುಳಿತೆ, ಒಲೆಯ ಮೇಲೆ ಏನೋ ಇದೆ ಎಂದು ಎದ್ದೆ. ಮರುದಿನ ಬಸ್ಸಿನ ನೆವ. ಅದರ ಮರುದಿನ ಅವರು ಕರೆಯಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಬಂದ ಸೊಸೆ ಎಂದು ಓಣಿಯಲ್ಲೆಲ್ಲ ಹೇಳಿದರು, ನಾನೂ ಅದನ್ನು ಹೊಗಳಿಕೆ ಎಂದೇ ಇಟ್ಟುಕೊಂಡೆ. ಹದಿನೇಳು ವರ್ಷ ನಾವಿಬ್ಬರೂ ಒಂದೇ ಅಡಿಗೆಮನೆಯಲ್ಲಿ ಉಪ್ಪು ಹೆಚ್ಚಾಯಿತೇ, ಹಾಲು ಬಂತೇ ಎನ್ನುವುದರ ಹೊರತು ಹೆಚ್ಚು ಮಾತಾಡಿದ್ದಿಲ್ಲ. ಜಗಳವೂ ಇರಲಿಲ್ಲ. ಇದ್ದಿದ್ದರೆ ಛಲೋ ಇತ್ತು ಎಂದು ಎಷ್ಟೋ ಸಲ ಅನಿಸಿದೆ.

ಅಂಥವಳು ಶ್ರಾವಣದಲ್ಲಿ ನಾನಾಗಿಯೇ ಪೂಜಾಕೋಣೆಗೆ ಹೋಗಿ ಕುಳಿತೆ. ವಿಭೂತಿ ಇದ್ದದ್ದು ಅಲ್ಲಿ, ಅಷ್ಟೇ ಕಾರಣ. ಅತ್ತೆ ಕಣ್ಣು ಮುಚ್ಚಿರುವಾಗ ಗಟ್ಟಿಯ ಅಂಚು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಆಗೆಲ್ಲ ನನ್ನ ಕಾಲುಗಳಿಗೆ ಏನೋ ಆಗುತ್ತಿತ್ತು. ಎಲುಬಿನೊಳಗೆ ಇರುವೆ ಹರಿದಂತೆ, ಚಾಚಬೇಕು, ಮಡಚಬೇಕು, ಎದ್ದು ನಡೆಯಬೇಕು. ಸಂಜೆಯ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂಡಲಾಗದೆ ಕಂಬ ಹಿಡಿದು ನಿಲ್ಲುತ್ತಿದ್ದೆ. ವಿಭೂತಿ ಬಾಯಲ್ಲಿರುವಷ್ಟು ಹೊತ್ತು ಮಾತ್ರ ಜೀವಕ್ಕೆ ಸಮಾಧಾನ. ಒಂದು ದಿನ ಕಣ್ಣು ತೆರೆದ ಅತ್ತೆ ನನ್ನ ಕೈಯಲ್ಲಿದ್ದ ಅರ್ಧ ಗಟ್ಟಿಯನ್ನೂ ಬೆಳ್ಳಗಾದ ತುಟಿಯನ್ನೂ ನೋಡಿದರು. ಬೈಗುಳಕ್ಕೆ ಸಿದ್ಧಳಾಗಿದ್ದೆ. ಅವರು ತಮ್ಮ ಪೆಟ್ಟಿಗೆಯಿಂದ ಹೊಸ ಗಟ್ಟಿಯೊಂದನ್ನು ತೆಗೆದು ನನ್ನ ಮಣೆಯ ಮುಂದೆ ಇಟ್ಟರು.

ಅಲ್ಲಿಂದ ನನ್ನ ಮಾನ ಏರಿತು. ಬೆಳಗಿನ ಮೊದಲ ರೊಟ್ಟಿ ನನ್ನ ತಾಟಿಗೆ ಬರತೊಡಗಿತು. ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಚಹಾ. ಅತ್ತೆ ನಾದಿನಿಯ ಜೊತೆ ಫೋನಿನಲ್ಲಿ, ಸೊಸೆ ಈಗ ಭಾಳ ಬದಲಾಗಿದ್ದಾಳೆ, ಪೂಜೆ ಬಿಟ್ಟು ಏಳುವುದಿಲ್ಲ, ವಿಭೂತಿಯೇ ಆಕೆಗೆ ಪ್ರಸಾದ ಎಂದು ಹೇಳುತ್ತಿದ್ದರು. ಆ ಮಾತು ಕೇಳಲು ನಾನು ಬಾಗಿಲ ಹಿಂದೆ ನಿಂತಿದ್ದೆ, ಅದೂ ಒಂದು ಸಲವಲ್ಲ. ನಾಲ್ವತ್ತೆರಡು ವಯಸ್ಸಿನ ಹೆಂಗಸು ಬಾಗಿಲ ಹಿಂದೆ ನಿಂತು ತನ್ನ ಹೊಗಳಿಕೆ ಕೇಳುವುದು ಎಂಥ ದೃಶ್ಯವೋ ಏನೋ, ನನಗಂತೂ ಹಿತವಾಗಿತ್ತು. ಭಕ್ತಿ ಹೀಗೂ ಬರಬಹುದೇನೋ ಎಂದು ನಾನೇ ಅರ್ಧ ನಂಬಿದ್ದೆ. ಕೈಚೀಲದಲ್ಲಿ ಎರಡು ಗಟ್ಟಿ, ಸ್ಟೋರಿನ ಮೇಜಿನ ಡ್ರಾದಲ್ಲಿ ನಾಲ್ಕು. ಮಾರುವ ಅಂಗಡಿಯಾಕೆ ಮನೆಯಲ್ಲಿ ಏನು ಕಾರ್ಯ ಎಂದು ಕೇಳಿದಳು. ಗೃಹಪ್ರವೇಶ ಎಂದೆ. ಎರಡು ವಾರ ಬಿಟ್ಟು ಹೋದಾಗ ಮತ್ತೆ ಕೇಳಿದಳು, ಅಂಗಡಿ ಬದಲಿಸಿದೆ.

ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಎಲ್ಲರ ರಕ್ತ ತಪಾಸಣೆ ಆಗುತ್ತದೆ. ದಸರೆ ಮುಗಿದ ವಾರ ರಿಪೋರ್ಟು ಮೊಬೈಲಿಗೆ ಬಂತು. ಹಿಂದಿನ ವರ್ಷಗಳಲ್ಲಿ ತೆರೆದು ಕೂಡ ನೋಡಿರಲಿಲ್ಲ. ಈ ಸಲ ನೋಡಿದರೆ ಸಾಲು ಸಾಲಾಗಿ ದಪ್ಪಕ್ಷರ. ಹಿಮೋಗ್ಲೋಬಿನ್ ಎಂಟೂವರೆಯ ಕೆಳಗೆ, ಮುಂದೆ ಕೆಳಮುಖದ ಬಾಣ. ಅದರ ಕೆಳಗೆ ಅರ್ಥವಾಗದ ಮೂರಕ್ಷರದ ಹೆಸರುಗಳು, ಕೆಲವಕ್ಕೆ ಕೆಳಗಿನ ಬಾಣ, ಒಂದಕ್ಕೆ ಮೇಲಿನ ಬಾಣ. ಪ್ಲೇಟ್‌ಲೆಟ್ ನಾಲ್ಕೂ ಮುಕ್ಕಾಲು ಲಕ್ಷ, ಮೇಲಿನ ಬಾಣ. ಸ್ಟೋರಿನಲ್ಲಿ ನಮಗೂ ಇದೇ ಪದ್ಧತಿ. ಎರಡು ಮಿತಿಗಳ ನಡುವೆ ಅಳತೆ ಬಾರದ ಮಾಲಿಗೆ ಕೆಂಪು ಚೀಟಿ ಅಂಟಿಸಿ ಬೇರೆ ಇಡುತ್ತೇವೆ. ನನ್ನ ಕಾಗದದಲ್ಲಿ ಏಳು ಕಡೆ ಕೆಂಪು ಚೀಟಿ.

ಹಿಮೋಗ್ಲೋಬಿನ್ ಕಡಿಮೆ ಎಂದರೆ ಹೆಂಗಸರಿಗೆ ಇದ್ದದ್ದೇ ಎಂದುಕೊಂಡೆ. ಪ್ಲೇಟ್‌ಲೆಟ್ ಯಾಕೆ ಹೆಚ್ಚು? ಮೊಬೈಲಿನಲ್ಲಿ ಹುಡುಕಿದೆ. ಹುಡುಕಬಾರದಿತ್ತು. ಮೊದಲ ಪುಟ ಸೋಂಕು ಎಂದಿತು, ಎರಡನೆಯದು ರಕ್ತದ ಕ್ಯಾನ್ಸರಿನ ಒಂದು ಬಗೆ ಎಂದಿತು, ಮೂರನೆಯದನ್ನು ಓದುವಷ್ಟರಲ್ಲಿ ಅಕ್ಷರ ಕಾಣಿಸದಾಯಿತು. ರ‍್ಯಾಕುಗಳ ಸುತ್ತ ಮೂರು ಸುತ್ತು ಹಾಕಿದೆ. ಮಗಳ ಪಿಯುಸಿ ಮುಗಿಯಲು ಇನ್ನೆಷ್ಟು ತಿಂಗಳು ಎಂದು ಬೆರಳು ಮಡಚಿದೆ. ಆಮೇಲೆ ಡ್ರಾ ತೆಗೆದು ಒಂದು ಇಡೀ ಗಟ್ಟಿ ತಿಂದೆ.

ರಾಯಾಪುರದ ಹತ್ತಿರ ಒಬ್ಬ ಲೇಡಿ ಡಾಕ್ಟರಿದ್ದಾರೆ, ವಯಸ್ಸಾದವರು, ಮಾತು ಕಡಿಮೆ. ಮರುದಿನ ಅರ್ಧ ರಜೆ ಹಾಕಿ ಹೋದೆ. ಕುರ್ಚಿಯಲ್ಲಿ ಕೂಡುವ ಮೊದಲೇ ಇದು ಕ್ಯಾನ್ಸರೇ ಎಂದು ಕೇಳಿದೆ. ಅವರು ಮೊಬೈಲು ಇಸಿದುಕೊಂಡು, ಕನ್ನಡಕ ಏರಿಸಿ, ನಿಧಾನವಾಗಿ ಮೇಲಿನಿಂದ ಕೆಳಗೆ ಓದಿದರು.

"ಒಂದೊಂದ ನಂಬರ ಹಿಡಕೊಂಡ ಹೆದರಬ್ಯಾಡ್ರಿ. ಎಲ್ಲಾ ಕೂಡಿಸಿ ಓದಬೇಕು" ಎಂದರು.

ಕೂಡಿಸಿ ಓದಿ ತೋರಿಸಿದರು. ರಕ್ತದ ಕೆಂಪು ಕಣಗಳು ಇರಬೇಕಾದ್ದಕ್ಕಿಂತ ಸಣ್ಣವು, ಬಣ್ಣವೂ ಸಾಲದು, ಒಂದರಂತೆ ಒಂದಿಲ್ಲ. ಆ ಮೂರಕ್ಷರದ ಹೆಸರುಗಳು ಹೇಳುವುದು ಇಷ್ಟನ್ನೇ. ಕಣ ತಯಾರಿಸಲು ಕಬ್ಬಿಣದ ಅಂಶ ಸಿಗದಿದ್ದರೆ ಹೀಗಾಗುತ್ತದೆ. ಆ ಕೊರತೆ ಇರುವಾಗ ಪ್ಲೇಟ್‌ಲೆಟ್ ಏರುವುದುಂಟು, ಕೊರತೆ ತುಂಬಿದರೆ ತಾನೇ ಇಳಿಯುತ್ತದೆ. ಬಿಳಿ ಕಣಗಳಲ್ಲಿ ಏನೂ ದೋಷವಿಲ್ಲ. ಆದರೂ ಹುಟ್ಟಿನಿಂದ ಕಣಗಳು ಸಣ್ಣಗಿರುವವರೂ ಇರುತ್ತಾರೆ, ಅದಕ್ಕೊಂದು ಪರೀಕ್ಷೆ, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ನೋಡಲು ಫೆರಿಟಿನ್ ಎಂಬ ಇನ್ನೊಂದು ಪರೀಕ್ಷೆ. ಎರಡು ದಿನ ಬಿಟ್ಟು ಬಂದ ಫೆರಿಟಿನ್ ಬರೀ ನಾಲ್ಕು. ಹುಟ್ಟಿನ ದೋಷವೇನೂ ಇರಲಿಲ್ಲ. ದಾಸ್ತಾನು ಎಂದ ಕೂಡಲೇ ನನಗೆ ಎಲ್ಲ ತಿಳಿಯಿತು. ಮಷಿನ್ನುಗಳು ಓಡುತ್ತಿರುವವರೆಗೆ ಸ್ಟೋರು ಖಾಲಿಯಾದದ್ದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಕಾರ್ಖಾನೆಯಲ್ಲಿ ಒಂದು ಪೆಟ್ಟಿಗೆ ವಾಷರ್ ಕಡಿಮೆಯಾದರೆ ಹಾರಾಡುವವಳು ನಾನು. ಎರಡು ವರ್ಷದಿಂದ ತಿಂಗಳ ಮುಟ್ಟು ಎಂಟೆಂಟು ದಿನ ಹೋಗುತ್ತಿದ್ದರೂ ವಯಸ್ಸಿನ ಗುಣ ಎಂದು ಸುಮ್ಮನಿದ್ದವಳೂ ನಾನೇ.

ಆ ರಿಪೋರ್ಟು ತೋರಿಸಲು ಹೋದಾಗ, ಮಣ್ಣು, ಸುಣ್ಣ, ಹಸಿ ಅಕ್ಕಿ, ಇಂಥದ್ದೇನಾದರೂ ತಿನ್ನಬೇಕು ಅನಿಸುತ್ತದೆಯೇ ಎಂದು ಡಾಕ್ಟರು ಕೇಳಿದರು. ಇಲ್ಲ ಎಂದೆ. ಅವರು ನನ್ನ ದುಪಟ್ಟಾದ ಮೇಲೆ ಉದುರಿದ್ದ ಬಿಳಿ ಪುಡಿಯನ್ನು ನೋಡಿದರು.

"ದಿನಕ್ಕ ಎಷ್ಟ ಗಟ್ಟಿ?"

"ಎರಡ್ರಿ. ಒಮ್ಮೊಮ್ಮೆ ಮೂರು."

ಅವರು ನಗಲಿಲ್ಲ. ಇದು ಚಟವೂ ಅಲ್ಲ, ಹುಚ್ಚೂ ಅಲ್ಲ, ಕಬ್ಬಿಣ ಕಡಿಮೆಯಾದ ಮೈ ಹೀಗೆ ಏನೇನೋ ಬೇಡುತ್ತದೆ, ಕೊರತೆ ತುಂಬಿದ ಮೇಲೆ ಬೇಡ ಎಂದರೂ ತಿನ್ನಲಾರಿರಿ ಎಂದರು. ಕಾಲಿನ ಚಡಪಡಿಕೆಗೂ ಬಹುಶಃ ಅದೇ ಕಾರಣ ಎಂದಾಗ ನಾನು ನಂಬಲಿಲ್ಲ, ಅದು ನನ್ನ ಸ್ವಭಾವವೆಂದೇ ತಿಳಿದಿದ್ದೆ. ಗುಳಿಗೆ ಬರೆದುಕೊಟ್ಟರು. ಚಹಾದ ಜೊತೆ ಬೇಡ, ಹಾಲಿನ ಜೊತೆ ಬೇಡ, ಲಿಂಬೆ ನೀರಿನ ಜೊತೆ ಆದರೆ ಒಳ್ಳೆಯದು. ರಿಪೋರ್ಟು ಸರಿಯಾಯಿತೆಂದು ಬಿಡಬೇಡಿ, ದಾಸ್ತಾನು ತುಂಬುವವರೆಗೆ ಇನ್ನೂ ಕೆಲವು ತಿಂಗಳು ತೆಗೆದುಕೊಳ್ಳಬೇಕು. ರಕ್ತ ಎಲ್ಲಿ ಹೋಗುತ್ತಿದೆ ಎಂಬುದನ್ನು ಹುಡುಕದೆ ಬರೀ ಗುಳಿಗೆ ನುಂಗುವುದು ಅರ್ಧ ಕೆಲಸ ಎಂದು ಸ್ಕ್ಯಾನಿಂಗಿಗೂ ಬರೆದರು. ಕೊನೆಗೆ, ಮನೆಯಲ್ಲಿ ಹೆಣ್ಣುಮಗಳಿದ್ದರೆ ಆಕೆಯ ರಕ್ತವನ್ನೂ ಒಮ್ಮೆ ನೋಡೋಣ, ಕರೆದುಕೊಂಡು ಬನ್ನಿ ಎಂದರು. ಆಯಿತು ಎಂದು ಎದ್ದೆ.

ಕ್ಯಾನ್ಸರಲ್ಲ ಎಂಬ ಖುಷಿ ಬಸ್ಸು ಹತ್ತುವವರೆಗೆ ಇತ್ತು. ಹತ್ತಿದ ಮೇಲೆ ಅತ್ತೆಯ ನೆನಪಾಯಿತು. ಮನೆಗೆ ಹೋಗಿ ಏನು ಹೇಳುವುದು? ನೀವು ಊರೆಲ್ಲ ಹೇಳಿಕೊಂಡು ಬಂದ ಭಕ್ತಿ ಒಂದು ರೋಗದ ಲಕ್ಷಣವಂತೆ ಎಂದೇ? ಹದಿನೇಳು ವರ್ಷದ ಮೇಲೆ ಸಿಕ್ಕ ಮೊದಲ ರೊಟ್ಟಿ ಕಣ್ಣ ಮುಂದೆ ಬಂತು. ಗುಳಿಗೆಯನ್ನು ಸ್ಟೋರಿನ ಡ್ರಾದಲ್ಲಿ ಇಟ್ಟೆ, ಮನೆಯಲ್ಲಿ ಸುಸ್ತಿಗೆ ಟಾನಿಕ್ ಕೊಟ್ಟಿದ್ದಾರೆ ಎಂದೆ.

ಡಾಕ್ಟರು ಹೇಳಿದ್ದು ಖರೆಯಾಯಿತು. ಮೂರು ವಾರದಲ್ಲಿ ವಿಭೂತಿ ಬರೀ ಬೂದಿಯಾಯಿತು. ಬಾಯಿಗೆ ಹಾಕಿದರೆ ಗೋಡೆ ನೆಕ್ಕಿದಂತೆ, ವಾಕರಿಕೆ. ಆದರೂ ದಿನಾ ಮಣೆಯ ಮೇಲೆ ಕುಳಿತು, ಅತ್ತೆ ನೋಡುವಾಗ ಒಂದು ಚೂರು ನಾಲಿಗೆಗೆ ಇಟ್ಟು, ಅವರು ಕಣ್ಣು ಮುಚ್ಚಿದ ಮೇಲೆ ದುಪಟ್ಟಾಕ್ಕೆ ಉಗುಳಿಕೊಳ್ಳುತ್ತಿದ್ದೆ. ನಾಟಕ ನನಗೆ ಚೆನ್ನಾಗಿ ಬರುತ್ತದೆ ಎಂದು ಆಗಲೇ ಗೊತ್ತಾದದ್ದು.

ಹಾಗೆ ಕುಳಿತಿದ್ದ ಒಂದು ಬೆಳಿಗ್ಗೆ, ಗಟ್ಟಿಯೊಂದರ ಮೇಲೆ ನನ್ನದಲ್ಲದ ಹಲ್ಲಿನ ಗುರುತು ಕಂಡಿತು. ನನ್ನ ಮುಂದಿನ ಹಲ್ಲುಗಳ ನಡುವೆ ಸಂದಿ ಇದೆ, ಕಚ್ಚಿದರೆ ನಡುವೆ ಏಣು ಉಳಿಯುತ್ತದೆ. ಇದು ನುಣ್ಣಗಿತ್ತು, ಸಣ್ಣದಾಗಿತ್ತು. ಅಂದು ಸಂಜೆ ಅತ್ತೆ ತಾವೇ ಖುಷಿಯಿಂದ ಹೇಳಿದರು: ಮಗಳೂ ಈಗ ಕಾಲೇಜಿನಿಂದ ಬಂದು ಪೂಜಾಕೋಣೆಯಲ್ಲಿ ಕೂಡುತ್ತಾಳೆ, ತಾಯಿಯನ್ನು ನೋಡಿ ಕಲಿತಿದ್ದಾಳೆ, ತಾವು ಆಕೆಗೆ ಬೇರೆ ಗಟ್ಟಿಗಳನ್ನೇ ಕೊಟ್ಟಿದ್ದಾರೆ, ಸೋಮವಾರದ ಉಪವಾಸವನ್ನೂ ಶುರು ಮಾಡಿಸಿದ್ದಾರೆ. ಬರೀ ಚಹಾ ಮತ್ತು ಒಂದು ಬಾಳೆಹಣ್ಣು. ಹುಡುಗಿ ಒಲ್ಲೆ ಎನ್ನಲಿಲ್ಲವಂತೆ, ಆಕೆಗೆ ಹಸಿವೇ ಇರಲಿಲ್ಲವಂತೆ.

ಮಗಳನ್ನು ಬೆಳಕಿಗೆ ಕರೆದು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಒಳಗೆ ಕೆಂಪೇ ಇರಲಿಲ್ಲ. ತಿಂಗಳ ಮುಟ್ಟು ಹೇಗಿದೆ ಎಂದು ಕೇಳಿದೆ. ಭಾಳ ಹೋಗುತ್ತದೆ, ಎಲ್ಲರಿಗೂ ಹಾಗೇ ಇರುತ್ತದೆ ಎಂದು ನೀನೇ ಹೇಳಿದ್ದಿಯಲ್ಲ ಎಂದಳು. ಹೌದು, ಹೇಳಿದ್ದೆ.

ಅಂದೇ ಡಾಕ್ಟರ ಬಳಿ ಹೋಗಬೇಕಿತ್ತು. ಹೋದರೆ ಅತ್ತೆ ಯಾಕೆ ಎಂದು ಕೇಳುತ್ತಾರೆ. ವಿಭೂತಿ ಬಿಡಿಸಿದರೆ ಅದಕ್ಕೂ ಯಾಕೆ ಎನ್ನುತ್ತಾರೆ. ಮಗಳ ಭಕ್ತಿ ಕಾಯಿಲೆ ಎಂದರೆ ನನ್ನದೂ ಕಾಯಿಲೆಯೇ ಆಗಿತ್ತು ಎಂದು ಹೇಳಬೇಕಾಗುತ್ತದೆ. ಈ ಲೆಕ್ಕ ಹಾಕುತ್ತ ಕುಳಿತೆ. ನನಗೆ ಹೊಳೆದ ಉಪಾಯ, ನನ್ನದೇ ಗುಳಿಗೆಯನ್ನು ಮಗಳಿಗೆ ಗುಟ್ಟಾಗಿ ಕೊಡುವುದು. ಬರಿ ಹೊಟ್ಟೆಗೆ ಓಕರಿಕೆ ಬರುತ್ತದೆ ಎಂದಳು. ಆಯಿತು, ಸಂಜೆಯ ಹಾಲಿನ ಜೊತೆ ಕೊಟ್ಟೆ. ಹಾಲು ಬೇಡ ಎಂದು ಡಾಕ್ಟರು ಹೇಳಿದ್ದು ನನಗೆ, ಅದು ಮಗಳಿಗೂ ಸೇರಿದ ಮಾತು ಎಂಬುದು ಹೊಳೆಯಲೇ ಇಲ್ಲ. ಬೆಳೆಯುವ ಹುಡುಗಿಗೆ ಹಾಲು ಬೇಡ ಎಂದು ನಮ್ಮ ಕಡೆ ಯಾರ ಬಾಯಿಂದ ಬಂದೀತು? ಹೀಗೆ ಆರು ವಾರ ಕಳೆದೆ. ದಿನಾ ಆಕೆಯ ಮುಖ ನೋಡುವುದು, ಸ್ವಲ್ಪ ಕೆಂಪಾಯಿತು ಎಂದು ನನಗೆ ನಾನೇ ಹೇಳಿಕೊಳ್ಳುವುದು. ಸ್ಟೋರಿನಲ್ಲಿ ನನ್ನ ಕಾಲುಗಳಿಗೆ ಸಮಾಧಾನ ಬಂದಿತ್ತು, ತಲೆಗೆ ಇರಲಿಲ್ಲ. ಎರಡು ಸಲ ತಪ್ಪು ಸೀಲು ಕೊಟ್ಟು ಸೂಪರ್‌ವೈಸರನಿಂದ ಬೈಸಿಕೊಂಡೆ, ಬೈಸಿಕೊಂಡದ್ದಕ್ಕೆ ಆತನ ಮೇಲೇ ಹಾರಾಡಿದೆ.

ಒಂದು ಸೋಮವಾರ ಟ್ಯೂಷನ್ನಿನಿಂದ ಫೋನು ಬಂತು. ಟ್ಯೂಷನ್ನು ಮೂರನೆಯ ಮಹಡಿಯಲ್ಲಿ. ಮಗಳು ಎರಡನೆಯ ಮಹಡಿಯ ಮೆಟ್ಟಿಲಿನ ಮೇಲೆ ಕುಳಿತಿದ್ದಳಂತೆ. ಯಾರಿಗೋ ಕಾಯುತ್ತಿದ್ದಾಳೆ ಎಂದು ಎಲ್ಲರೂ ದಾಟಿಕೊಂಡು ಹೋಗಿದ್ದಾರೆ. ಕ್ಲಾಸು ಮುಗಿದು ಇಳಿಯುವಾಗಲೂ ಆಕೆ ಅಲ್ಲೇ ಇದ್ದಳಂತೆ, ಗೋಡೆಗೆ ತಲೆ ಕೊಟ್ಟು. ನಾನು ತಾರಿಹಾಳದಿಂದ ಹೋಗುವಷ್ಟರಲ್ಲಿ ಅತ್ತೆ ಆಟೋ ಹಿಡಿದು ಬಂದುಬಿಟ್ಟಿದ್ದರು. ಮಗಳ ಎದೆ ಕೈಗೆ ತಿಳಿಯುವಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತು. ತುಟಿಯ ಅಂಚಿನಲ್ಲಿ ಬಿಳಿ ಪುಡಿ. ನಾನು ಅದನ್ನು ದುಪಟ್ಟಾದಿಂದ ಒರೆಸಿದೆ, ಮೊದಲು ಮಾಡಿದ್ದು ಆ ಕೆಲಸವನ್ನೇ.

ಡಾಕ್ಟರ ಬಳಿ ನಾನೊಬ್ಬಳೇ ಕರೆದೊಯ್ಯುತ್ತೇನೆ ಎಂದೆ. ಅತ್ತೆ ಕೇಳಲಿಲ್ಲ, ಅದೇ ಆಟೋದಲ್ಲಿ ಕುಳಿತರು. ದಾರಿಯುದ್ದಕ್ಕೂ, ಒಳಗೆ ಹೋದಾಗ ಮೊದಲು ಏನು ಹೇಳಬೇಕು, ಡಾಕ್ಟರಿಗೆ ಹೇಗೆ ಸನ್ನೆ ಮಾಡಬೇಕು ಎಂದು ಯೋಚಿಸುತ್ತಿದ್ದೆ. ಪಕ್ಕದಲ್ಲಿ ಮಗಳು ಬಾಯಿ ತೆರೆದು ಉಸಿರಾಡುತ್ತಿದ್ದಳು, ನಾನು ಸನ್ನೆಯ ಯೋಚನೆಯಲ್ಲಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಗೇ ಇತ್ತು.

ರಕ್ತ ತೆಗೆದರು, ಒಂದು ತಾಸಿನಲ್ಲಿ ಕಾಗದ ಬಂತು. ಹಿಮೋಗ್ಲೋಬಿನ್ ಏಳು. ಈ ಸಲ ಕಾಗದವನ್ನು ಕೂಡಿಸಿ ಓದಲು ನನಗೂ ಬರುತ್ತಿತ್ತು: ಕಣ ಸಣ್ಣ, ಬಣ್ಣ ತೆಳು, ಒಂದರಂತೆ ಒಂದಿಲ್ಲ, ಪ್ಲೇಟ್‌ಲೆಟ್ಟಿನ ಮುಂದೆ ಮೇಲಿನ ಬಾಣ. ನನ್ನದೇ ಕಾಗದ, ನನಗಿಂತ ಕೆಟ್ಟದ್ದು.

ನಾನೇ ಎಲ್ಲ ಒಪ್ಪಿಕೊಂಡೆ ಎಂದು ಇಲ್ಲಿ ಬರೆಯಬಹುದಿತ್ತು. ಹೇಳಿದ್ದು ಡಾಕ್ಟರು.

"ನಿಮ್ಮ ಹಂಗ ಈಕೀನೂ ವಿಭೂತಿ ತಿಂತಾಳೇನು? ಅವತ್ತ ಕರಕೊಂಡ ಬರ್ರಿ ಅಂದಿದ್ದೆ. ಇಷ್ಟ ದಿನಾ ಏನ ಮಾಡಿದ್ರಿ?"

ನಾನು ಅತ್ತೆಯ ಕಡೆ ನೋಡಲಿಲ್ಲ. ಗುಳಿಗೆ ಕೊಟ್ಟಿದ್ದೇನೆ, ಹಾಲಿನ ಜೊತೆ, ಎಂದೆ. ಸೋಮವಾರದ ಉಪವಾಸವನ್ನೂ ಮುಟ್ಟಿನ ಸ್ರಾವವನ್ನೂ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಹಾಲಿನ ಜೊತೆ ಕೊಟ್ಟರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ಸಾಲದ್ದಕ್ಕೆ ಉಪವಾಸ, ಚಹಾ, ಮೇಲೆ ತಿಂಗಳ ರಕ್ತಸ್ರಾವ, ಇವೆಲ್ಲ ಸೇರಿ ಹುಡುಗಿಯ ಹೃದಯ ದುಪ್ಪಟ್ಟು ದುಡಿಯುತ್ತಿದೆ ಎಂದರು. ಸದ್ಯ ರಕ್ತ ಏರಿಸದೆ ನೋಡೋಣ, ಆದರೆ ಗುಳಿಗೆಗೆ ಕಾಯುವ ಹೊತ್ತಲ್ಲ, ಕಬ್ಬಿಣವನ್ನು ಸಲೈನಿನಲ್ಲಿ ಕೊಡಬೇಕು, ಇವತ್ತೇ ಶುರು ಮಾಡೋಣ ಎಂದರು.

ಒಳಗಿನ ಕೋಣೆಯಲ್ಲಿ ಮಗಳನ್ನು ಮಲಗಿಸಿದರು. ಬಾಟಲಿಯಲ್ಲಿ ಹಾಲು ಹಾಕದ ಚಹಾದಂಥ ನೀರು, ಹನಿ ಹನಿಯಾಗಿ ಇಳಿಯುತ್ತಿತ್ತು. ಒಗ್ಗದಿದ್ದರೆ ಎಂದು ನರ್ಸು ಮೊದಲರ್ಧ ತಾಸು ಪಕ್ಕದಲ್ಲೇ ಇದ್ದಳು. ಮಗಳು ನಿದ್ದೆ ಹೋದಳು. ನಾನೂ ಅತ್ತೆಯೂ ಮಂಚದ ಪಕ್ಕದ ಬೆಂಚಿನ ಮೇಲೆ. ನನಗೆ ಕೂಡಲಾಗಲಿಲ್ಲ. ಎದ್ದು ಕಿಟಕಿಗೆ ಹೋದೆ, ಬಾಟಲಿ ನೋಡಿದೆ, ಬಾಗಿಲಿಗೆ ಹೋದೆ, ಮತ್ತೆ ಬಾಟಲಿ. ಅತ್ತೆ ಬೈಯಲಿ ಎಂದು ಕಾಯುತ್ತಿದ್ದೆ. ಅವರು ಪೂಜೆಯಲ್ಲಿ ಕುಳಿತಂತೆಯೇ ಕುಳಿತಿದ್ದರು, ಕಣ್ಣು ಮಾತ್ರ ತೆರೆದಿತ್ತು. ಕೊನೆಗೆ ನಾನೇ ಬಾಯಿಬಿಟ್ಟೆ. ಅದು ಭಕ್ತಿಯಲ್ಲ, ನನಗೆ ದಸರೆಯಿಂದ ಗೊತ್ತಿತ್ತು, ನಿಮಗೆ ಹೇಳಲು ಮನಸ್ಸು ಬರಲಿಲ್ಲ, ನನ್ನದು ತಪ್ಪಾಯಿತು ಎಂದೆ.

"ನನಗ ಶ್ರಾವಣದಿಂದ ಗೊತ್ತಿತ್ತು" ಎಂದರು ಅತ್ತೆ.

ನಾನು ಬಾಗಿಲಲ್ಲೇ ನಿಂತೆ.

"ನಿನ್ನ ಗಂಡ ಹೊಟ್ಟ್ಯಾಗಿದ್ದಾಗ ನಾನೂ ತಿಂದೇನಿ. ವಿಭೂತಿ ತಿಂದೇನಿ, ಒಲಿ ಮಣ್ಣ ತಿಂದೇನಿ. ಬಸುರಿ ಬಯಕಿ ಅಂತ ಬಿಟ್ರು ಎಲ್ಲಾರೂ. ಹಂಗ ತಿನ್ನೂದು ದೇವರ ಸಲುವಾಗಿ ಅಲ್ಲ ಅನ್ನೂದು ತಿಂದಾಕಿಗೆ ಗೊತ್ತಾಗೂದಿಲ್ಲೇನು?"

ನನಗೆ ಮೊದಲು ಬಂದದ್ದು ಸಿಟ್ಟು. ಗೊತ್ತಿದ್ದೂ ಗಟ್ಟಿ ತಂದು ನನ್ನ ಮುಂದೆ ಇಟ್ಟರೇ? ಗೊತ್ತಿದ್ದೂ ಮಗಳಿಗೆ ಕೊಟ್ಟರೇ? ಊರೆಲ್ಲ ಹೊಗಳಿದ್ದು ಯಾಕೆ? ಮಗಳು ಮಲಗಿರುವುದನ್ನು ಮರೆತು ದನಿ ಏರಿಸಿದೆ. ಹೇಳಬೇಕಾಗಿತ್ತಲ್ಲ ಎಂದೆ.

ಅತ್ತೆ ನನ್ನ ದನಿ ಇಳಿಯುವವರೆಗೆ ತಡೆದರು.

"ಹೇಳಿದ್ರ ನೀ ಎದ್ದ ಹೋಗತಿದ್ದಿ" ಎಂದರು. "ಹದಿನೇಳ ವರ್ಷ ಆ ಮಣಿ ಖಾಲಿ ಇತ್ತು. ಯಾವದರ ಸಲುವಾಗಿ ಆಗಲಿ, ನೀ ಬಂದ ನನ್ನ ಬಾಜು ಕುಂತಿದ್ದಿ. ಅಷ್ಟ ಸಾಕಾಗಿತ್ತ ನನಗ. ಈ ಕೂಸ ನಿನ್ನ ನೋಡಿ ಕಲತೈತಿ ಅಂದಕೊಂಡೆ. ಇದರ ರಕ್ತಾನೂ ಹಿಂಗ ಆಗೇತಿ ಅಂತ ನನಗ ತಿಳೀಲಿಲ್ಲವಾ."

ಅಷ್ಟು ಹೇಳಿ ಮಗಳ ಪಾದ ಹಿಡಿದುಕೊಂಡು ಅತ್ತರು. ಅವರು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ಅವರು ನನ್ನನ್ನು ಕಳೆದುಕೊಳ್ಳಬಾರದೆಂದು ಸುಮ್ಮನಿದ್ದರು, ನಾನು ಅವರ ಹೊಗಳಿಕೆ ಕಳೆದುಕೊಳ್ಳಬಾರದೆಂದು ಸುಮ್ಮನಿದ್ದೆ, ಆ ಎರಡು ಸುಮ್ಮನಿರುವಿಕೆಯ ನಡುವೆ ಹುಡುಗಿ ಮೆಟ್ಟಿಲ ಮೇಲೆ ಕುಸಿದಿದ್ದಳು. ಹೋಗಿ ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕುಳಿತೆ. ಬಾಟಲಿ ಖಾಲಿಯಾಗಲು ಇನ್ನೂ ಒಂದು ತಾಸು ಬೇಕಿತ್ತು.

ಆಮೇಲೆ ಹೇಳಲು ಹೆಚ್ಚೇನಿಲ್ಲ. ದಿನ ಬಿಟ್ಟು ದಿನ ಹೋಗಿ ಇನ್ನೂ ನಾಲ್ಕು ಬಾಟಲಿ ಏರಿಸಿದರು. ಮಗಳ ಮುಟ್ಟಿನ ಸ್ರಾವಕ್ಕೆ ಬೇರೆ ಔಷಧ ಕೊಟ್ಟರು, ಸ್ಕ್ಯಾನಿಂಗಿನಲ್ಲಿ ಕಂಡ ನನ್ನ ಗರ್ಭಕೋಶದ ಸಣ್ಣ ಗಡ್ಡೆಗೂ ಚಿಕಿತ್ಸೆ ನಡೆಯಿತು. ಸೋಮವಾರದ ಉಪವಾಸವನ್ನು ಅತ್ತೆಯೇ ನಿಲ್ಲಿಸಿದರು. ಲಿಂಬೆ ಹಿಂಡಿದ ಕಾಳಿನ ಪಲ್ಯ ಮಗಳ ತಾಟಿಗೆ ಹಾಕಿ, ಆಕೆ ತಿಂದು ಮುಗಿಸುವವರೆಗೆ ಎದುರಿಗೆ ಕೂಡುತ್ತಿದ್ದರು. ಊಟವಾದ ಕೂಡಲೇ ಚಹಾ ಕೇಳಿದ ನಮ್ಮ ಮನೆಯವರಿಗೂ ಒಂದು ತಾಸು ತಡೆಯಲು ಹೇಳುತ್ತಿದ್ದರು, ಪಾಪ, ಅವರ ರಕ್ತದಲ್ಲಿ ಯಾವ ದೋಷವೂ ಇರಲಿಲ್ಲ. ಯುಗಾದಿಯ ಹೊತ್ತಿಗೆ ಮಗಳ ಹಿಮೋಗ್ಲೋಬಿನ್ ಹನ್ನೊಂದೂವರೆ ದಾಟಿತು, ಪ್ಲೇಟ್‌ಲೆಟ್ಟಿನ ಮುಂದಿನ ಬಾಣ ಹೋಯಿತು. ಗುಳಿಗೆ ಇನ್ನೂ ನಡೆದಿದೆ. ಮೊನ್ನೆ ಟ್ಯೂಷನ್ನಿಗೆ ಬಿಡಲು ಹೋದಾಗ ಎರಡೆರಡು ಮೆಟ್ಟಿಲು ಹಾರಿ ಹತ್ತಿದಳು, ತಿರುಗಿ ಕೂಡ ನೋಡಲಿಲ್ಲ. ನಾನು ಆಕೆಯ ಕಾಲಿನ ಸಪ್ಪಳ ಮೂರನೆಯ ಮಹಡಿ ಮುಟ್ಟುವವರೆಗೆ ಕೆಳಗೆ ನಿಂತು ಕೇಳಿದೆ.

ಹಂಬಲ ಹೋದ ಕೂಡಲೇ ಮಗಳು ಪೂಜಾಕೋಣೆಯನ್ನೂ ಬಿಟ್ಟಳು. ಅತ್ತೆ ಕರೆಯಲಿಲ್ಲ, ನನ್ನನ್ನೂ ಕರೆಯುವುದಿಲ್ಲ. ನಾನು ಹೋಗುತ್ತೇನೆ. ಭಕ್ತಿ ಬಂದಿದೆ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಕುಳಿತ ಐದು ನಿಮಿಷಕ್ಕೆ ಬೇಸರ ಬರುತ್ತದೆ, ಬಸ್ಸಿನ ಹೊತ್ತು, ಸ್ಟೋರಿಗೆ ಬರಬೇಕಾದ ಮಾಲು, ಎಲ್ಲ ತಲೆಯಲ್ಲಿ ತಿರುಗುತ್ತವೆ. ರಕ್ತ ತುಂಬಿತು, ಸ್ವಭಾವ ಹಾಗೇ ಉಳಿಯಿತು. ಇವತ್ತು ಬೆಳಿಗ್ಗೆ ನಾಲ್ಕನೆಯ ಸಲ ಕಾಲು ಬದಲಿಸಿದಾಗ ಅತ್ತೆ ಕಣ್ಣು ತೆರೆಯದೆಯೇ ಹೇಳಿದರು.

"ಬ್ಯಾಸರಾದ್ರ ಏಳವಾ. ಈಗ ನಾ ಏನೂ ಅನ್ನೂದಿಲ್ಲ."

"ಬ್ಯಾಸರಾಗೇತ್ರಿ" ಎಂದೆ. "ಕುಂದರತೇನಿ."